ಹೊಟ್ಟೆಗೆ ಹೊಲಿದ ನನ್ನ ಕೈ ಬೆಳಗಿದ ಮಧ್ಯಾಹ್ನ

ಇನ್ನು ಮುಂದೆ ಬರೆಯುವುದರಲ್ಲಿ ಒಂದು ಸಾಲನ್ನೂ ನೀವು ನಂಬುವುದಿಲ್ಲ, ಬೇಕಾದರೆ ಪಂಥ ಕಟ್ಟುತ್ತೇನೆ. ಹೋದ ವರ್ಷ ನನ್ನ ಬಲಗೈಯನ್ನು ವಾರಗಟ್ಟಲೆ ನನ್ನದೇ ಹೊಟ್ಟೆಗೆ ಹೊಲಿದು ಇಟ್ಟಿದ್ದರು. ಹೊಲಿದದ್ದು ದರ್ಜಿಯಲ್ಲ, ಡಾಕ್ಟರು. ಹದಿನೆಂಟನೆಯ ದಿನ ಮಟಮಟ ಮಧ್ಯಾಹ್ನ, ಮಧುಗಿರಿಯ ಒಂದು ಹಳೆಯ ಹುಣಸೆಹಣ್ಣಿನ ಮಂಡಿಯಲ್ಲಿ, ಹದಿನಾರು ಕಂಬಳಿಗಳ ಕತ್ತಲೆಯೊಳಗೆ ಆ ಕೈ ದೀಪದ ಹಾಗೆ ಬೆಳಗಿತು. ಮಿಣುಕುಹುಳದ ಹಾಗೆ ಅನ್ನಬೇಡಿ, ಆ ಹೊತ್ತಿನಲ್ಲಿ ಮಿಣುಕುಹುಳವೇನಾದರೂ ಒಳಗೆ ಬಂದಿದ್ದರೆ ನಾಚಿಕೊಂಡು ತನ್ನ ದೀಪ ಆರಿಸಿಕೊಂಡು ಹೋಗುತ್ತಿತ್ತು.

ನಮ್ಮ ಮಿಡಿಗೇಶಿಯಲ್ಲಿ ನಾನು ಏನು ಹೇಳಿದರೂ ಜನ ಅರ್ಧ ಕಳೆದು ಕೇಳುತ್ತಾರೆ. ಅದಕ್ಕೇ ನಾನು ಎರಡರಷ್ಟು ಹೇಳುವುದು. ಕಳೆದ ಮೇಲೆ ಸರಿಯಾಗಿ ನಿಜವೇ ಉಳಿಯುತ್ತದಲ್ಲ! ಆದರೆ ಕಂಬಳಿಗಳು ಮಾತ್ರ ನಿಜವಾಗಿ ಹದಿನಾರೇ ಇದ್ದವು. ಮಲಗಿದಲ್ಲಿಂದಲೇ ಎಣಿಸಿದ್ದೇನೆ, ಬೇರೆ ಕೆಲಸ ಇರಲಿಲ್ಲ.

ಕೈ ಹೊಟ್ಟೆಗೆ ಯಾಕೆ ಹೋಯಿತು ಎಂದು ಮೊದಲು ಹೇಳಬೇಕು. ಯುದ್ಧದ ದಿನಗಳಲ್ಲಿ ಪೆಟ್ರೋಲು ಸಿಗದೆ ನಮ್ಮ ಕಡೆಯ ಬಸ್ಸುಗಳೆಲ್ಲ ಇದ್ದಿಲು ತಿನ್ನುವುದನ್ನು ಕಲಿತಿದ್ದವು. ಬಸ್ಸಿನ ಬೆನ್ನಿಗೆ ಆಳೆತ್ತರದ ಒಂದು ಕಬ್ಬಿಣದ ಡ್ರಮ್ಮು. ಅದರೊಳಗೆ ಇದ್ದಿಲು ಉರಿಯಬೇಕು, ಆ ಹೊಗೆಯಿಂದ ಎಂಜಿನ್ನು ಓಡಬೇಕು. ದಿಣ್ಣೆ ಬಂದರೆ ನಾವೆಲ್ಲ ಇಳಿದು ತಳ್ಳಬೇಕು. ಕೊರಟಗೆರೆಯಲ್ಲಿ ಬಸ್ಸು ನಿಂತಾಗ ಆ ಡ್ರಮ್ಮು ಸಿಡಿಯಿತು, ಉರಿಯುತ್ತಿದ್ದ ಡ್ರಮ್ಮನ್ನು ನಾನು ಒಂದೇ ಕೈಯಲ್ಲಿ ಎತ್ತಿ ಜಯಮಂಗಲಿ ಹೊಳೆಗೆ ಎಸೆದು ನಲವತ್ತು ಜನರನ್ನು ಉಳಿಸಿದೆ, ಅದರಲ್ಲಿ ಇಬ್ಬರು ಬಸುರಿಯರು ಇದ್ದರು ಎಂದು ಶಾಲೆಯಲ್ಲಿ ಹೇಳಿದ್ದೇನೆ. ನಿಮಗೂ ಅದನ್ನೇ ಹೇಳಬಹುದಿತ್ತು. ಆದರೆ ಡಾಕ್ಟರು ಇದನ್ನು ಓದಿದರೆ ಕಷ್ಟ. ನಿಜ ಏನೆಂದರೆ, ಆ ಡ್ರಮ್ಮಿನ ಮುಚ್ಚಳದ ಮೇಲೆ ಕಡಲೆಕಾಯಿ ಹುರಿದರೆ ಬಹಳ ಚೆನ್ನಾಗಿ ಹುರಿಯುತ್ತದೆ. ಹುರಿಯುತ್ತಾ ಹಿಂದೆ ನಿಂತಿದ್ದ ಹುಡುಗಿಯರ ಕಡೆ ತಿರುಗಿ ಹೇಗಿದೆ ಎಂದು ಹುಬ್ಬು ಹಾರಿಸಿದೆ. ಡ್ರೈವರು ಅದೇ ಹೊತ್ತಿಗೆ ಬಸ್ಸನ್ನು ಹಿಂದಕ್ಕೆ ಬಿಟ್ಟ. ಕೈಯ ಬೆನ್ನು ಡ್ರಮ್ಮಿಗೆ ಅಂಟಿತು.

ಗಾಯ ವಾಸಿಯಾಯಿತು, ಆದರೆ ಚರ್ಮ ಒಣಗಿದ ತೊಗಲಿನ ಹಾಗೆ ಎಳೆದುಕೊಂಡು ಬೆರಳುಗಳು ಹಿಂದಕ್ಕೆ ಬಾಗಿಬಿಟ್ಟವು. ಕೈ ಸದಾ "ಏನು ಸಮಾಚಾರ?" ಎಂದು ಯಾರನ್ನೋ ಕೇಳುತ್ತಿರುವ ಹಾಗೆ ನಿಂತಿತು. ಮುಷ್ಟಿ ಕಟ್ಟಲು ಆಗದು. ಮುದ್ದೆ ಮುರಿಯಲು ಆಗದು. ಪೆನ್ನು ಹಿಡಿಯಲು ಆಗದು ಎನ್ನುವುದು ಮೊದಮೊದಲು ಸಂತೋಷವನ್ನೇ ಕೊಟ್ಟಿತು, ಆಮೇಲೆ ಗೋಲಿ ಹೊಡೆಯಲೂ ಆಗದು ಎಂದು ಗೊತ್ತಾದಾಗ ಒಬ್ಬನೇ ಕೂತು ಅತ್ತಿದ್ದೆ. ಇದನ್ನು ಯಾರಿಗೂ ಹೇಳಬೇಡಿ.

ಬರ್ಮಾ ಕಡೆಯ ಯುದ್ಧದಿಂದ ಹಿಂದಿರುಗಿದ ಒಬ್ಬ ಡಾಕ್ಟರು ಆಗತಾನೆ ಮಧುಗಿರಿಯಲ್ಲಿ, ಬೆಟ್ಟದ ಬುಡದ ಆ ಹುಣಸೆ ಮಂಡಿಯನ್ನು ಬಾಡಿಗೆಗೆ ಹಿಡಿದು ನಾಲ್ಕು ಹಾಸಿಗೆಯ ಆಸ್ಪತ್ರೆ ತೆರೆದಿದ್ದರು. ಸುಣ್ಣ ಬಳಿದಿದ್ದರೂ ಗೋಡೆಯಿಂದ ಹುಳಿ ವಾಸನೆ ಹೋಗಿರಲಿಲ್ಲ. ಒಳಗೆ ಕಾಲಿಟ್ಟ ರೋಗಿಗೆ ಮೊದಲು ಬಾಯಲ್ಲಿ ನೀರೂರುತ್ತಿತ್ತು, ಆಮೇಲೆ ಕಣ್ಣಲ್ಲಿ. ಡಾಕ್ಟರು ನನ್ನ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ನಮ್ಮ ಅವ್ವನಿಗೆ ವಿವರಿಸಿದರು.

"ನೋಡಮ್ಮ, ಈ ಗಟ್ಟಿ ಚರ್ಮ ತೆಗೆದುಹಾಕ್ತೀನಿ. ಅಲ್ಲಿಗೆ ಹೊಸ ಚರ್ಮ ಬೇಕು. ಇವನ ಹೊಟ್ಟೆ ಮೇಲೆ ಮೂರು ಕಡೆ ಕತ್ತರಿಸಿ, ಬಾಗಿಲಿನ ಹಾಗೆ ಎತ್ತಿ, ಕೈಗೆ ಹೊಲೀತೀನಿ. ನಾಲ್ಕನೇ ಕಡೆ ಹೊಟ್ಟೆಗೆ ಅಂಟಿಕೊಂಡೇ ಇರುತ್ತೆ. ಕೈಯಿಂದ ರಕ್ತ ಹರಿಯೋದು ಶುರುವಾಗೋವರೆಗೆ ಹೊಟ್ಟೆಯೇ ಅದಕ್ಕೆ ಊಟ ಹಾಕಬೇಕು."

ಅವ್ವ ನನ್ನ ಬಲಗೈ ನೋಡಿ ಕೇಳಿದಳು. "ಅಂಗಾರೆ ಇವ್ನು ಉಣ್ಣೋದೆಂಗೆ ಸಾಮಿ?"

"ಎಡಗೈಲಿ."

"ಅಯ್ಯೋ ಸಿವನೇ!" ಎಂದಳು ಅವ್ವ. ಹೊಟ್ಟೆ ಕತ್ತರಿಸುತ್ತಾರೆ ಎಂದದ್ದಕ್ಕೆ ಅಷ್ಟು ಗಾಬರಿಯಾಗಿರಲಿಲ್ಲ.

ಹೀಗೆ ನಾನು ಕಟ್ಟಿಸಿಕೊಂಡೆ. ಕೈ ಹೊಟ್ಟೆಗೆ, ಮೇಲೆ ಮಾರುದ್ದ ಬ್ಯಾಂಡೇಜು. ಅಂಗಿಯೊಳಗೆ ಮಾವಿನಕಾಯಿ ಕದ್ದು ಹಿಡಿದುಕೊಂಡವನ ಹಾಗೆ ಮೂರು ವಾರ ಇರಬೇಕು. ಸೀನಬಾರದು. ನಗಬಾರದು. ಮಗುಚಬಾರದು. ಹೊಟ್ಟೆ ಕೆರೆದರೆ ಕೈಗೆ ತುರಿಕೆ, ಕೈ ಕೆರೆದರೆ ಹೊಟ್ಟೆಗೆ ತುರಿಕೆ. ಅಪ್ಪ ಹೊಲ ಬಿಟ್ಟು ಬರುವ ಹಾಗಿರಲಿಲ್ಲ, ಅವ್ವ ಮಾತ್ರ ಹಿತ್ತಲಲ್ಲಿ ಮೂರು ಕಲ್ಲಿಟ್ಟು ಅಡುಗೆ ಮಾಡಿಕೊಂಡು ನನ್ನ ಜೊತೆಗಿದ್ದಳು.

ಡಾಕ್ಟರು ಪ್ರತಿದಿನ ಹೇಳುತ್ತಿದ್ದದ್ದು ಒಂದೇ ಮಾತು. "ಬೇಗ ಕತ್ತರಿಸಿದರೆ ಹೊಸ ಚರ್ಮ ರಕ್ತ ಇಲ್ಲದೆ ಕಪ್ಪಾಗಿ ಕೊಳೆತು ಬೀಳುತ್ತೆ. ಆಮೇಲೆ ಈ ಕೈ ಜನ್ಮದಲ್ಲಿ ಮುಷ್ಟಿ ಕಟ್ಟೋದಿಲ್ಲ. ಹೊಟ್ಟೆ ಮೇಲೆ ಇನ್ನೊಂದು ಸಲ ಕೇಳೋದಕ್ಕೆ ಚರ್ಮಾನೂ ಇರೋದಿಲ್ಲ."

ನಾನು ಪ್ರತಿದಿನ ಕೇಳುತ್ತಿದ್ದದ್ದೂ ಒಂದೇ. "ಇವತ್ತು ಬಿಚ್ತೀರಾ ಸಾರ್?"

ನನ್ನ ಅವಸರಕ್ಕೆ ಕಾರಣ ಇತ್ತು. ಮಂಡಿಯ ಪಕ್ಕದ ಬಯಲಿನಲ್ಲಿ ಪಾವಗಡದ ಕಡೆಯವನೊಬ್ಬ ಟೂರಿಂಗ್ ಟಾಕೀಸಿನ ಡೇರೆ ಹಾಕಿದ್ದ. ನನ್ನನ್ನು ನೋಡಲು ಬಂದು, ಕಿಟಕಿಯಲ್ಲಿ ನಿಂತು, ಹೊಟ್ಟೆ ಹೊಕ್ಕ ಕೈಯನ್ನು ಕಂಡು ಅವನಿಗೆ ಬಹಳ ಇಷ್ಟವಾಗಿಬಿಟ್ಟಿತ್ತು. "ಒರೇ ಅಬ್ಬಾಯ್, ನೀನೇ ಒಂದು ಪಿಚ್ಚರ್ರು ಕಣೋ" ಅಂದ ತನ್ನ ಅರ್ಧ ತೆಲುಗಿನಲ್ಲಿ. ಕೈ ಬಿಡಿಸಿದ ಸಂಜೆ ತನ್ನ ಪ್ರಚಾರದ ಜಟಕಾದಲ್ಲಿ ನನ್ನನ್ನು ಮುಂದೆ ಕೂರಿಸಿಕೊಂಡು, ತಮಟೆ ಬಾರಿಸುತ್ತಾ, ಊರೆಲ್ಲ ಸುತ್ತಿಸುತ್ತೇನೆ, ಬಣ್ಣದ ಕಾಗದಗಳನ್ನು ಜನರ ಮೇಲೆ ನೀನೇ ಎಸೆಯಬೇಕು, ಈ ಹೊಸ ಕೈಯಲ್ಲೇ ಎಸೆಯಬೇಕು ಎಂದು ಮಾತು ಕೊಟ್ಟಿದ್ದ. ಹೊಸ ಪಿಚ್ಚರ್ರು ಶುರುವಾಗುವುದು ಹದಿನೆಂಟನೆಯ ದಿನ. ಡಾಕ್ಟರ ಲೆಕ್ಕ ಇಪ್ಪತ್ತೊಂದನೆಯ ದಿನ. ಮೂರು ದಿನಗಳ ಅಂತರ. ಮಹಾರಾಜರ ದಸರಾ ಸವಾರಿಯನ್ನು ನಾನು ನೋಡಿಲ್ಲ, ಆದರೆ ನನ್ನ ಸವಾರಿ ಅದಕ್ಕಿಂತ ಒಂದು ಕೈ ಮೇಲೆ ಇರುತ್ತಿತ್ತು ಎನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

ದೇವರು ಕಳಿಸಿದಂತೆ ಹದಿನೇಳನೆಯ ದಿನ ಡಾಕ್ಟರಿಗೆ ಒಂದು ಮರದ ಪೆಟ್ಟಿಗೆ ಬಂತು. ಮಿಲಿಟರಿಯವರು ಹಳೆಯ ಸಾಮಾನು ವಿಲೇವಾರಿ ಮಾಡುವಾಗ ತಾವು ಕೇಳಿದ್ದ ದೀಪ ಸಿಕ್ಕಿತು ಎಂದು ಅವರು ಹುಡುಗರಂತೆ ಕುಣಿದರು. ಕಪ್ಪಗೆ ನೇರಳೆ ಬಣ್ಣದ ಗಾಜು ಹಾಕಿದ ಗಿಡ್ಡ ದೀಪ. ಜೊತೆಗೆ ಕೆಂಪು ಕಿತ್ತಳೆ ಪುಡಿ ಕರಗಿಸಿದ ಸಣ್ಣ ಸಣ್ಣ ಗಾಜಿನ ಸೀಸೆಗಳು.

"ಈ ಬಣ್ಣದ ಔಷಧೀನ ರಕ್ತಕ್ಕೆ ಹಾಕಿದರೆ ರಕ್ತ ಎಲ್ಲೆಲ್ಲಿ ಹೋಗುತ್ತೋ ಅಲ್ಲೆಲ್ಲ ಇದೂ ಹೋಗುತ್ತೆ. ಕತ್ತಲೇಲಿ ಈ ದೀಪ ಬಿಟ್ಟರೆ ಅದು ಹಳದಿ ಹಸಿರಾಗಿ ಹೊಳೆಯುತ್ತೆ," ಎಂದು ಕಂಪೌಂಡರಿಗೆ ಹೇಳಿದರು. "ಹೊಟ್ಟೆಗೂ ಹೊಸ ಚರ್ಮಕ್ಕೂ ನಡುವಿನ ಸೇತುವೇನ ಕ್ಲಾಂಪಿನಿಂದ ಬಿಗಿದು ರಕ್ತ ನಿಲ್ಲಿಸೋಣ. ಆಗಲೂ ಇವನ ಹೊಸ ಚರ್ಮ ಹೊಳೆದರೆ, ಕೈಯಿಂದಲೇ ರಕ್ತ ಬರ್ತಿದೆ ಅಂತ ಅರ್ಥ. ನಾಳೆಯೇ ಕತ್ತರಿಸಬಹುದು. ಹೊಳೆಯದೆ ಕಪ್ಪಾಗೇ ಇದ್ದರೆ ಇನ್ನೂ ಕಾಯಬೇಕು."

ನಾಳೆಯೇ! ನನಗೆ ಕೇಳಿಸಿದ್ದು ಅದೊಂದೇ ಮಾತು.

ಶಿರಾದ ಕಡೆಯ ಸಾಬರು ನಮ್ಮ ಕಂಪೌಂಡರು. ಅವರು ಮೂಗಿನ ಮೇಲೆ ಕನ್ನಡಕ ಸರಿಮಾಡಿಕೊಂಡು ಕೇಳಿದರು. "ಸಾಬ್, ದೀಪಕ್ಕೆ ಕರೆಂಟು?"

"ಡೇರೆಯವನ ಎಂಜಿನ್ನು ಹಗಲು ಸುಮ್ಮನೆ ತಾನೆ ಕೂತಿರುತ್ತೆ?"

"ಕತ್ತಲೆ?"

"ಅದು ನಿಮ್ಮ ಜವಾಬ್ದಾರಿ."

ಮಾರನೆಯ ದಿನ ಬೆಳಿಗ್ಗೆ ಕಂಪೌಂಡರು ಒಂದು ಗಾಡಿ ತುಂಬ ಶಿರಾ ಕಂಬಳಿಗಳನ್ನು ತಂದರು. ತಮ್ಮ ಕಡೆಯ ವ್ಯಾಪಾರಿಯೊಬ್ಬನಿಂದ ಒಂದು ದಿನದ ಮಟ್ಟಿಗೆ ಕೇಳಿ ತಂದ ಹೊಚ್ಚಹೊಸ ಕರಿ ಕಂಬಳಿಗಳು. ನಾಲ್ಕು ಕಿಟಕಿಗೆ ಎರಡೆರಡು, ಹೆಂಚಿನ ಸಂದಿಗೆ ಆರು, ಬಾಗಿಲಿಗೆ ಎರಡು ಪದರ. ಮೊದಲ ಪದರ ಬಿಡಿಸಿ ಒಳಗೆ ಬಂದು, ಅದನ್ನು ಮುಚ್ಚಿ, ಆಮೇಲೆ ಎರಡನೆಯದನ್ನು ಬಿಡಿಸಬೇಕು. ಹಾಗೆ ಬಂದರೆ ಒಂದು ಎಳೆ ಬೆಳಕೂ ಒಳಗೆ ಬರುವುದಿಲ್ಲ. ಕೋಣೆಯಲ್ಲಿ ಹುಣಸೆಹಣ್ಣಿನ ಜೊತೆಗೆ ಈಗ ಕುರಿಯ ವಾಸನೆಯೂ ಸೇರಿತು. ಕುರಿಹಟ್ಟಿಯಲ್ಲಿ ಯಾರೋ ಹುಳಿ ಕಾಯಿಸುತ್ತಿದ್ದಾರೆ ಅನ್ನಿಸುತ್ತಿತ್ತು.

ಅದೇ ಬೆಳಿಗ್ಗೆ ಇನ್ನೊಂದು ಕೆಲಸವೂ ಆಯಿತು. ಕಂಪೌಂಡರು ಕಂಬಳಿ ಇಳಿಸಲು ಹೊರಗೆ ಹೋದಾಗ ಅವ್ವ ನನ್ನ ಬ್ಯಾಂಡೇಜು ಸರಿಸಿ, ಹೊಸ ಚರ್ಮವನ್ನು ಬೆರಳ ತುದಿಯಿಂದ ಮುಟ್ಟಿದಳು.

"ತಣ್ಣಗೈತೆ ಕಣ್ಲಾ."

"ಕಂಬ್ಳಿ ಹೊದ್ಸು, ಹದ್ನಾರವೆ."

"ಮುಚ್ಚು ಬಾಯಿ. ಉಪ್ಪುನೀರಲ್ಲಿ ಒರ್ಸಿದ್ರೆ ತೊಗ್ಲು ಬದಿಕ್ಕತದಾ? ಈ ಡಾಕ್ಟ್ರು ದೊಡ್ಡೋರೇ, ಆದ್ರೆ ಗಂಡುಸ್ರು. ಗಾಯಕ್ಕೆ ಏನು ಬೇಕು ಅಂತ ಅವ್ರಿಗೆಂಗೆ ಗೊತ್ತಾಯ್ತದೆ?"

ಸೆರಗಿನ ಗಂಟಿನಿಂದ ಅರಿಸಿನದ ಪುಡಿ ಬಂತು, ಬಟ್ಟಲಲ್ಲಿ ಹರಳೆಣ್ಣೆ ಆಗಲೇ ಬೆಚ್ಚಗಿತ್ತು. ಬೇರೆ ಏನನ್ನೂ ಹಚ್ಚಕೂಡದು ಎಂದು ಡಾಕ್ಟರು ಅವಳಿಗೆ ದಿನಕ್ಕೆ ಎರಡು ಸಲ ಹೇಳಿದ್ದರು. ಅವಳು ದಿನಕ್ಕೆ ಎರಡು ಸಲ ತಲೆಯಾಡಿಸಿದ್ದಳು. ಈಗ ಕೈಯ ಬೆನ್ನಿನ ಉದ್ದಕ್ಕೂ, ಹೊಲಿಗೆಯ ಅಂಚಿನವರೆಗೂ ಮೆತ್ತಗೆ ತಿಕ್ಕಿದಳು. ಸ್ವಲ್ಪ ಹೊತ್ತು ಬಿಟ್ಟು ಒರೆಸಿದಳು. ನಮ್ಮ ಮೈಬಣ್ಣದ ಮೇಲೆ ಉಳಿದ ಹಳದಿ ಗೊತ್ತೇ ಆಗಲಿಲ್ಲ.

"ಡಾಕ್ಟ್ರಿಗೆ ಏಳ್ಗೀಳ್ಬುಟ್ಟೀಯ!"

"ಏಳಲ್ಲ. ಸಾಯಂಕಾಲ ಜಟಕಾ ಅತ್ತಕ್ಕೆ ಬುಡ್ತೀಯಾ?"

"ಬುಡ್ತೀನಿ."

ಒಪ್ಪಂದವಾಯಿತು. ಅವ್ವ ಸ್ನಾನಕ್ಕೆ ಹಿಂದಿನ ಬಾವಿಗೆ ಹೋದಳು.

ಮಧ್ಯಾಹ್ನದ ಹೊತ್ತಿಗೆ ಡೇರೆಯ ಎಂಜಿನ್ನು ದಢದಢ ಎನ್ನತೊಡಗಿತು. ಗೋಡೆಯ ಮೇಲಿಂದ ತಂತಿ ಎಳೆದರು. ಕರೆಂಟು ಕೊಡಲು ಡೇರೆಯವನು ಹಾಕಿದ್ದ ಷರತ್ತು ಒಂದೇ, ತಾನೂ ಒಳಗೆ ನಿಂತು ನೋಡಬೇಕು. ಅವನು ಹೊಸ ಪೇಟ ಸುತ್ತಿಕೊಂಡು, ಬಾಯಿ ತುಂಬ ಹಲ್ಲು ತೋರಿಸುತ್ತಾ ನನ್ನ ಕಾಲ ಬಳಿ ನಿಂತ. ತನ್ನ ಹಲ್ಲುಗಳ ಬಗ್ಗೆ ಅವನಿಗೆ ಬಹಳ ಹೆಮ್ಮೆ. "ಬೇವಿನ ಕಡ್ಡಿ ಬಿಟ್ಟು ಬೇರೆ ಏಮೀ ಇಲ್ಲ ನೋಡು" ಎಂದು ಮಧುಗಿರಿಯ ಅರ್ಧ ಜನಕ್ಕೆ ಹೇಳಿದ್ದ.

ಡಾಕ್ಟರು ಸೇತುವೆಗೆ ರಬ್ಬರು ಸುತ್ತಿದ ಕ್ಲಾಂಪು ಹಾಕಿ ಬಿಗಿದರು. ಒಂದು ಕಂಬಳಿಯ ಮೂಲೆಯನ್ನು ಎತ್ತಿಸಿ, ಆ ಬೆಳಕಿನಲ್ಲಿ ನನ್ನ ಎಡಗೈಯ ನರಕ್ಕೆ ಸೂಜಿ ಚುಚ್ಚಿ ಕಿತ್ತಳೆ ನೀರನ್ನು ನಿಧಾನವಾಗಿ ಬಿಟ್ಟರು. ಸೂಜಿ ಮೊಳಕಾಲುದ್ದ ಇತ್ತು. ಸರಿ, ಬೆರಳುದ್ದ. ಮೈಯೊಳಗೆ ಬಿಸಿ ಗಾಳಿ ಓಡಿದ ಹಾಗಾಯಿತು.

"ಬೇಟಾ, ಇನ್ನು ಎರಡು ದಿನ ನಿನ್ನ ಮೈ ಹಳದಿ ಇರುತ್ತದೆ," ಅಂದರು ಕಂಪೌಂಡರು. "ಉಚ್ಚೆ ಕೂಡ. ಗಾಬರಿ ಬೇಡ."

"ಎಷ್ಟು ಹಳದಿ ಸಾಬರೇ?" ಎಂದು ಕೇಳಿದೆ. ನಾವು ಹುಡುಗರು ಸಾಲಾಗಿ ನಿಲ್ಲುವ ಶಾಲೆಯ ಹಿಂದಿನ ಗೋಡೆ ನನ್ನ ಕಣ್ಣ ಮುಂದೆ ಬಂತು. ಅಂಥ ಹಳದಿಯನ್ನು ತೋರಿಸಲು ನಮ್ಮ ನಾಲ್ಕನೆಯ ಫಾರಂ ತರಗತಿಯ ಯಾವನಿಗೂ ಸಾಧ್ಯವಿರಲಿಲ್ಲ.

ಕಂಬಳಿ ಬಿಟ್ಟರು. ಕತ್ತಲೆಯಾಯಿತು. ನನ್ನ ಮೂಗು ಎಲ್ಲಿದೆ ಎಂದು ನನಗೇ ತಿಳಿಯದಂಥ ಕತ್ತಲೆ. ಎಂಜಿನ್ನಿನ ದಢದಢ, ಕುರಿಯ ವಾಸನೆ, ನಾಲ್ಕು ಜನರ ಉಸಿರು. ಆಮೇಲೆ ಒಂದು ಟಕ್ ಸದ್ದು.

ಮೊದಲು ಬೆಳಗಿದ್ದು ಹಲ್ಲುಗಳು.

ನೇರಳೆ ಮಬ್ಬಿನಲ್ಲಿ ಡಾಕ್ಟರ ಹಲ್ಲುಗಳು ನೀಲಿ ಬಿಳುಪಿನಲ್ಲಿ ತೇಲಿದವು. ಪಕ್ಕದಲ್ಲಿ ಕಂಪೌಂಡರ ಹಲ್ಲು, ಎಲೆ ಅಡಿಕೆ ಕಲೆ ಇದ್ದಲ್ಲಿ ಮಂಕು. ನನ್ನ ಕಾಲ ಬಳಿ, ಡೇರೆಯವನ ಬಾಯಿ ಇರಬೇಕಾದ ಜಾಗದಲ್ಲಿ, ಏನೂ ಇಲ್ಲ. ಬರೀ ಕತ್ತಲೆ. ಕತ್ತಲೆಯೇ ಮಾತಾಡಿತು. "ಅಬ್ಬಬ್ಬಾ, ಏಮಿ ಲೈಟು ರಾ ನಾಯನಾ!"

"ಅರೆ, ನಿಮ್ಮ ಹಲ್ಲು ಎಲ್ಲಿ ಹೋಯ್ತು?" ಅಂದರು ಕಂಪೌಂಡರು.

"ಇಲ್ಲೇ ಉಂದಲ್ಲ!"

"ಹುಟ್ಟಿದ ಹಲ್ಲು ಈ ದೀಪಕ್ಕೆ ಹೊಳೆಯುತ್ತೆ," ಎಂದರು ಡಾಕ್ಟರು, ಬಹಳ ಸಮಾಧಾನದಿಂದ. "ಕಟ್ಟಿಸಿದ ಹಲ್ಲು ಹೊಳೆಯೋದಿಲ್ಲ."

ಕತ್ತಲೆಯ ಬಾಯಿ ಮುಚ್ಚಿಕೊಂಡಿತು. ನಾನು ನಗಬಾರದು, ಹೊಲಿಗೆ ಎಳೆಯುತ್ತದೆ. ಹೊಟ್ಟೆಯನ್ನು ಹಿಡಿದುಕೊಂಡು ನಕ್ಕೆ ಅನ್ನಬಹುದು, ಕೈ ಹೇಗೂ ಅದನ್ನು ಹಿಡಿದೇ ಇತ್ತು.

ಆಗ ಡಾಕ್ಟರು ದೀಪವನ್ನು ನನ್ನ ಕೈಯ ಮೇಲೆ ತಿರುಗಿಸಿದರು.

ಇಲ್ಲಿ ನಾನು ಏನನ್ನೂ ಉದ್ದ ಮಾಡಬೇಕಾಗಿಲ್ಲ. ಕೈ ಹೊಳೆಯಿತು. ಬೆರಳ ಬುಡದಿಂದ ಮಣಿಕಟ್ಟಿನವರೆಗೆ, ಹೊಲಿಗೆಯಿಂದ ಸೇತುವೆಯವರೆಗೆ, ಒಂದು ಚುಕ್ಕೆಯೂ ಬಿಡದೆ, ಎಳೆ ಬಾಳೆಲೆಗೆ ಚಿನ್ನದ ನೀರು ಹಾಕಿದ ಬಣ್ಣದಲ್ಲಿ ಹೊಳೆಯಿತು. ಆ ಚರ್ಮದ ಮೇಲೆ ನನ್ನ ಹೊಟ್ಟೆಯ ಸಣ್ಣ ಸಣ್ಣ ಕೂದಲು ನಿಂತದ್ದೂ ಕಾಣುತ್ತಿತ್ತು. ಬಾಯಿಯ ಮಾತು ನಿಂತು ಹೋಯಿತು. ಹುಟ್ಟಿದಾರಭ್ಯ ನನ್ನ ಬಾಯಿ ಹಾಗೆ ನಿಂತದ್ದು ಅದೇ ಮೊದಲು.

"ಯಾ ಅಲ್ಲಾ," ಎಂದರು ಕಂಪೌಂಡರು ಪಿಸುದನಿಯಲ್ಲಿ.

"ನೋಡಿ, ನೋಡಿ!" ಡಾಕ್ಟರು ದೀಪವನ್ನು ಇನ್ನಷ್ಟು ಹತ್ತಿರ ತಂದರು. "ಸೇತುವೆ ಬಿಗಿದಿದೆ, ಆದರೂ ಪೂರ್ತಿ ಬಂದಿದೆ. ಪೂರ್ತಿ! ಹದಿನೆಂಟನೇ ದಿನಕ್ಕೆ! ಸುಟ್ಟ ಕೈಯಲ್ಲಿ ಇಷ್ಟು ಬೇಗ ನಾನು ಎಲ್ಲೂ ನೋಡಿಲ್ಲ."

"ನನ್ನ ರಕ್ತ ಯಾವಾಗಲೂ ಅಂಗೇ ಸಾರ್," ಎಂದೆ. "ಓಟದಲ್ಲೂ ನಾನೇ ಫಸ್ಟು." (ಓಟದಲ್ಲಿ ನಾನು ಆರನೆಯವನು. ಓಡಿದ್ದು ಆರು ಜನ.)

"ಕತ್ತರಿ ಕುದಿಸಿದ್ದೀರಾ ಸಾಬರೇ? ಇವತ್ತೇ ಬಿಡಿಸೋಣ. ಮರಗಟ್ಟಿಸುವ ಇಂಜೆಕ್ಷನ್ ತನ್ನಿ."

"ಹೀರೋ!" ಎಂದು ಡೇರೆಯವನು ಕಾಲು ತಟ್ಟಿದ. ಹಲ್ಲಿನ ದುಃಖ ಮರೆತಿತ್ತು. "ಜಟಕಾಕ್ಕೆ ಹೂವಿನ ಹಾರ ಹಾಕಿಸ್ತಾನು ರಾ!"

ನನಗೆ ಮೈಯೆಲ್ಲ ರೆಕ್ಕೆ. ತಮಟೆಯ ಸದ್ದು ಕಿವಿಯಲ್ಲೇ ಕೇಳಿಸುತ್ತಿತ್ತು. ಡಾಕ್ಟರು ಸೂಜಿಗಾಗಿ ತಿರುಗಿದಾಗ ದೀಪದ ಮೂತಿ ಒಂದಿಷ್ಟು ಕೆಳಗೆ ಬಾಗಿತು. ಆಗ ನೋಡಿದೆ. ನನ್ನ ಪಂಚೆಯ ಅಂಚು ಹೊಳೆಯುತ್ತಿತ್ತು. ಅದೇ ಚಿನ್ನ, ಅದೇ ಎಳೆ ಬಾಳೆಲೆ. ಪಂಚೆಯ ಮೇಲೆ ನಾಲ್ಕು ಬೆರಳಿನ ಗುರುತು, ಅವ್ವ ಕೈ ಒರೆಸಿಕೊಂಡ ಜಾಗ.

ಪಂಚೆಗೆ ರಕ್ತ ಹರಿಯುವುದಿಲ್ಲ. ಇಷ್ಟು ನನ್ನಂಥವನಿಗೂ ತಿಳಿಯುತ್ತದೆ.

ಮೆಲ್ಲನೆ ಎಡಗೈಯಿಂದ ಆ ಅಂಚನ್ನು ತೊಡೆಯ ಕೆಳಗೆ ಮಡಚಿ ಸೇರಿಸಿಬಿಟ್ಟೆ.

ಯಾಕೆ ಎಂದು ಕೇಳಬೇಡಿ. ಕೇಳಿದರೆ ಉತ್ತರ ಇದೆ. ತಮಟೆ, ಜಟಕಾ, ಹೂವಿನ ಹಾರ. ಬಹುಶಃ ಅರಿಸಿನದ ಕೆಳಗೆ ನನ್ನ ರಕ್ತವೂ ಹೊಳೆಯುತ್ತಿರಬಹುದಲ್ಲ, ಎರಡೂ ಒಂದೇ ಬಣ್ಣವಾದರೆ ಯಾರದು ಯಾವುದು ಎಂದು ಯಾರು ಕಂಡರು, ಎಂದು ನನಗೆ ನಾನೇ ವಕೀಲನಾದೆ. ಕಪ್ಪಾಗಿ ಕೊಳೆತು ಬೀಳುತ್ತೆ ಎಂಬ ಡಾಕ್ಟರ ಮಾತು ಮಾತ್ರ ಎದುರು ಕಕ್ಷಿಯಂತೆ ಮೂಲೆಯಲ್ಲಿ ನಿಂತೇ ಇತ್ತು.

ಡಾಕ್ಟರು ಸೂಜಿ ಹಿಡಿದು ಬಾಗಿದರು. ಒಂದು ಕ್ಷಣ ನಿಂತರು. "ಸಾಬರೇ, ಇದರ ಮೇಲೆ ಬೇರೆ ಏನೂ ಹಚ್ಚಿಲ್ಲ ತಾನೆ?"

"ಬಿಲ್ಕುಲ್ ಇಲ್ಲ ಸಾಬ್. ಉಪ್ಪುನೀರು ಬಿಟ್ಟರೆ ಏನೂ ಇಲ್ಲ."

"ನೀನೇನಾದರೂ ಹಚ್ಚಿಕೊಂಡೆಯೇನೋ?"

ಬಾಯಿ ತೆರೆದೆ. ಕತ್ತಲೆಯಲ್ಲಿ ನನ್ನ ಹಲ್ಲುಗಳು ಹೊಳೆದಿರಬೇಕು, ಎಲ್ಲರೂ ಅವನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಆರು ತಿಂಗಳು ಸುಳ್ಳಿನ ಮೇಲೆ ಸುಳ್ಳು ಹೇಳಿ ನಲವತ್ತು ಜನರನ್ನು ಉಳಿಸಿದ್ದೆ, ಒಂದು ಸಲವೂ ಮಾತು ಹುಡುಕಿರಲಿಲ್ಲ. ಈಗ ಹುಡುಕಿದೆ.

"ನಾನು ಹಚ್ಕಂಡಿಲ್ಲ ಸಾರ್," ಎಂದೆ. ಮಾತು ನಿಜವೇ. ಹಚ್ಚಿದವಳು ಅವ್ವ.

ಸೂಜಿಯ ತುದಿ ಹೊಟ್ಟೆಗೆ ತಾಗಿತು. ಅದೇ ಗಳಿಗೆಗೆ ಬಾಗಿಲಿನ ಹೊರಗಿನ ಕಂಬಳಿ ಸರಿದ ಸದ್ದು, ಮುಚ್ಚಿದ ಸದ್ದು. ಆಮೇಲೆ ಒಳಗಿನದು.

"ಯಾರದು?" ಎಂದು ಡಾಕ್ಟರು ದೀಪವನ್ನು ಆ ಕಡೆ ತಿರುಗಿಸಿದರು.

ಬಾಗಿಲಲ್ಲಿ ಒಂದು ಮುಖ ತೇಲುತ್ತಿತ್ತು. ಮೈ ಇಲ್ಲ, ಸೀರೆ ಇಲ್ಲ, ಕಾಲಿಲ್ಲ. ಬರೀ ಮುಖ, ನನ್ನ ಕೈಗಿಂತ ನಾಲ್ಕರಷ್ಟು ಝಗಝಗ ಹೊಳೆಯುವ ಚಿನ್ನದ ಕೆನ್ನೆಗಳು. ಹಣೆಯ ನಡುವೆ ಕುಂಕುಮವಿದ್ದಲ್ಲಿ ಒಂದು ಕರಿಯ ತೂತು. ಅದರ ಕೆಳಗೆ, ಗಾಳಿಯಲ್ಲಿ, ಒಂದು ಕೊಡವನ್ನು ತಬ್ಬಿಕೊಂಡ ಹತ್ತು ಬೆಳಗುವ ಬೆರಳುಗಳು.

"ಅಮ್ಮೋರು!" ಡೇರೆಯವನು ದೊಪ್ಪನೆ ಬಿದ್ದ. "ಅಮ್ಮೋರು ಬಂದುಬಿಟ್ಟೈತೆ! ತಪ್ಪಾಯಿತು ತಲ್ಲಿ!"

"ಯಾವನ್ಲಾ ಅದು, ಕಾಲಡಿಗೆ ಬಂದು ಬಿದ್ಕಂಡೋನು?" ಎಂದಿತು ಮುಖ. "ತುಳುದ್ಬುಟ್ಟೆ ನೋಡು!"

ಅವ್ವ. ಸ್ನಾನ ಮುಗಿಸಿ, ದಿನದಂತೆ ಕೆನ್ನೆಗೆ ಕೈಗೆ ಅರಿಸಿನ ಹಚ್ಚಿಕೊಂಡು, ಬಾವಿಯಿಂದ ನೀರು ಹೊತ್ತು ಬಂದಿದ್ದಳು.

ಡಾಕ್ಟರು ಆ ಮುಖವನ್ನು ನೋಡಿದರು. ನನ್ನ ಕೈಯನ್ನು ನೋಡಿದರು. ಮತ್ತೆ ಮುಖವನ್ನು ನೋಡಿದರು.

"ಮುಖಕ್ಕೆ ಏನಮ್ಮ ಹಚ್ಚಿಕೊಂಡಿದ್ದೀರಿ?"

"ಅರಿಸ್ಣ ಸಾಮಿ. ಇನ್ನೇನು ಹಚ್ಕತಾರೆ?"

"ಇವನ ಕೈಗೆ?"

ಹೊಳೆಯುವ ಹತ್ತು ಬೆರಳುಗಳು ಕೊಡದ ಮೇಲೆ ಒಂದೊಂದಾಗಿ ಬಿಗಿದವು.

"ನಾಕು ತೊಟ್ಟು ಹರಳೆಣ್ಣೇಲಿ," ಎಂದಳು ಕೊನೆಗೆ. "ತಣ್ಣಗಿತ್ತು ಸಾಮಿ ತೊಗ್ಲು. ಎತ್ತ ಕರ್ಳು ತಡೀನಿಲ್ಲ."

ಡಾಕ್ಟರು ಬೈಯಲಿಲ್ಲ. ಸೂಜಿಯನ್ನು ತಟ್ಟೆಯಲ್ಲಿಟ್ಟರು. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ನನ್ನ ಕೈಯನ್ನು ಒರೆಸಿದರು. ಹತ್ತಿ ಹೊಳೆಯತೊಡಗಿತು. ಇನ್ನೊಂದು ತುಂಡು, ಅದೂ ಹೊಳೆಯಿತು. ನಾಲ್ಕನೆಯದು ಹೊಳೆಯಲಿಲ್ಲ. ಆಗ ದೀಪವನ್ನು ಮತ್ತೆ ಕೈಯ ಮೇಲೆ ತಂದರು.

ಹೊಲಿಗೆಯ ಅಂಚಿನಲ್ಲಿ ಒಂದು ಬೆರಳಗಲ ಮಂದ ಹಸಿರು. ಅಷ್ಟೇ. ಉಳಿದದ್ದೆಲ್ಲ ಕಾವಲಿಯ ತಳದ ಹಾಗೆ ಕಪ್ಪು.

"ಈಗ ಕತ್ತರಿಸಿದ್ದರೆ ಇಷ್ಟೂ ಹೋಗಿರುತ್ತಿತ್ತು," ಎಂದು ಡಾಕ್ಟರು ಬೆರಳಿನಿಂದ ಆ ಕಪ್ಪನ್ನು ಸುತ್ತಿ ತೋರಿಸಿದರು. ಹೊಟ್ಟೆ ನಡುಗಿದ್ದು ಕೈಗೆ ಗೊತ್ತಾಯಿತು.

ಅವ್ವ ಹತ್ತಿರ ಬಂದಿದ್ದಳು. ಅವಳ ಮುಖದ ಬೆಳಕು ನನ್ನ ಪಕ್ಕದಲ್ಲೇ ತೇಲುತ್ತಿತ್ತು. "ಅಂಗಾರೆ ನನ್ನಿಂದ ಇವ್ನ ಕೈ..." ಎಂದಳು.

"ಏನೂ ಆಗಿಲ್ಲ. ಇರಿ, ನಿಮಗೊಂದು ತೋರಿಸ್ತೀನಿ," ಎಂದು ಡಾಕ್ಟರು ಕ್ಲಾಂಪನ್ನು ಸಡಿಲಿಸಿದರು. "ಇಲ್ಲಿ ನೋಡ್ತಾ ಇರಿ, ಹೊಟ್ಟೆಯ ಕಡೆ."

ಮೊದಲು ಏನೂ ಇಲ್ಲ. ಆಮೇಲೆ ಸೇತುವೆಯ ಬುಡದಲ್ಲಿ ಒಂದು ಹಸಿರು ಚುಕ್ಕೆ, ಪಕ್ಕದಲ್ಲಿ ಇನ್ನೊಂದು. ಚುಕ್ಕೆಗಳು ಸೇರಿದವು. ಬಾವಿಯ ಕಪಿಲೆಯಿಂದ ಎತ್ತಿದ ನೀರು ಒಣ ಮಡಿಗೆ ಹರಿಯುವ ಹಾಗೆ, ನಿಂತು ನಿಂತು, ಅಲ್ಲೊಂದು ಸಾಲು ಇಲ್ಲೊಂದು ಸಾಲು ಹಿಡಿದು, ಬೆಳಕು ನನ್ನ ಹೊಟ್ಟೆಯಿಂದ ಹೊರಟು ಕೈಯ ಬೆನ್ನಿಗೆ ಏರಿ ಬಂತು. ಅರಿಸಿನದಷ್ಟು ಝಗಝಗ ಇರಲಿಲ್ಲ. ಆದರೆ ಇದು ನಡೆಯುತ್ತಿತ್ತು. ಒಂದೊಂದು ಎದೆಬಡಿತಕ್ಕೂ ಒಂದು ಕೂದಲೆಳೆ ಮುಂದಕ್ಕೆ ಬರುತ್ತಿತ್ತು. ನೆಲದ ಮೇಲಿದ್ದ ಡೇರೆಯವನು ಮೊಣಕಾಲೂರಿ ಎದ್ದು ನೋಡುತ್ತಿದ್ದ.

"ಇದು ಇವನ ರಕ್ತ," ಎಂದರು ಡಾಕ್ಟರು. "ಈಗ ಊಟ ಹಾಕ್ತಿರೋದು ಹೊಟ್ಟೆ. ಕೈ ಇನ್ನೂ ಕಲೀಬೇಕು. ಇನ್ನು ಹತ್ತು ದಿನ, ಆಮೇಲೆ ಮತ್ತೆ ನೋಡೋಣ."

"ಹತ್ತು ದಿನಾನಾ!" ಎಂದೆ. ಬಾಯಿ ತಡೆಯಲಾಗಲಿಲ್ಲ. "ಸಾರ್, ಸಾಯಂಕಾಲ ಜಟಕಾ..."

ಅವ್ವನ ಮುಖ ನಿಧಾನವಾಗಿ ನನ್ನ ಕಡೆ ತಿರುಗಿತು. ಅಷ್ಟು ಹತ್ತಿರದಿಂದ ಅಷ್ಟು ಬೆಳಗುವ ಸಿಟ್ಟನ್ನು ಯಾವ ಮಗನೂ ನೋಡಿರಲಾರ.

"ಡಾಕ್ಟ್ರು ಕೇಳಿದ್ರಾ ನಿನ್ನ, ಏನಾರ ಹಚ್ಚವ್ರಾ ಅಂತ?"

ನಾನು ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚಿದೆ. ಕಂಪೌಂಡರು ಸುಮ್ಮನಿರಲಿಲ್ಲ. "ಕೇಳಿದರು ಬೆಹೆನ್. 'ನಾನು ಹಚ್ಕಂಡಿಲ್ಲ' ಅಂದ."

"ನಂಗೆ ತಿಳೀದೆ ಮಾಡ್ದೆ. ನಿಂಗೆ ತಿಳ್ದೂ ತಿಳ್ದೂ ಬಾಯಿಗೆ ಬೀಗ ಬಿದ್ದಿತ್ತೇನ್ಲಾ? ಊರೆಲ್ಲ ಬೇಡ್ದಿದ್ದು ಬೊಗಳೋ ಬಾಯಿ! ಕೈ ಹೋಗಿದ್ರೆ ಆ ಜಟ್ಕಾದೋನು ತಂದ್ಕೊಡ್ತಿದ್ನಾ ನಿಂಗೆ?"

ಕೈ ಕಟ್ಟಿತ್ತು, ಹೊಟ್ಟೆ ಕಟ್ಟಿತ್ತು. ಕಿವಿ ಕಟ್ಟಿರಲಿಲ್ಲ. ಕತ್ತಲೆಯಲ್ಲಿ ಐದು ಚಿನ್ನದ ಬೆರಳುಗಳು ಬರುವುದು ನನಗೆ ಸ್ಪಷ್ಟವಾಗಿ ಕಂಡಿತು, ತಪ್ಪಿಸಿಕೊಳ್ಳಲು ಮಾತ್ರ ಜಾಗವಿರಲಿಲ್ಲ. ಕಿವಿಯನ್ನು ಒಂದು ಸುತ್ತು ತಿರುಚಿ ಬಿಟ್ಟು, ಅವ್ವ ಕಿಟಕಿಯ ಕಂಬಳಿಗಳನ್ನು ಎರಡೂ ಕೈಯಿಂದ ಜಗ್ಗಿದಳು. ಮಧ್ಯಾಹ್ನದ ಬಿಸಿಲು ಗೋಡೆ ಬಿದ್ದಂತೆ ಒಳಗೆ ಬಿತ್ತು. ದೀಪ ಬರೀ ಕಪ್ಪು ಗಾಜಾಯಿತು. ಕೈ ಬರೀ ಕೈಯಾಯಿತು. ಡೇರೆಯವನು ಬಾಯಿಗೆ ಕರವಸ್ತ್ರ ಹಿಡಿದುಕೊಂಡು, ಯಾರ ಮುಖವನ್ನೂ ನೋಡದೆ, ಎಂಜಿನ್ನು ನಿಲ್ಲಿಸಲು ಹೊರಟ.

"ಕಟ್ಟಿ ಸಾಮಿ," ಎಂದಳು ಅವ್ವ. "ಹತ್ತಲ್ಲ, ಇಪ್ಪತ್ತು ದಿನ ಕಟ್ಟಿ. ಬಟ್ಟೆ ಮಿಕ್ಕಿದ್ರೆ ಇವ್ನ ಬಾಯ್ನೂ ಸೇರ್ಸಿ ಕಟ್ಬುಡಿ."

ಕಂಪೌಂಡರು ಬ್ಯಾಂಡೇಜಿನ ಸುರುಳಿ ತರಲು ಎದ್ದರು.